ಪಿಯಾನೋ ಬಗ್ಗುವುದಿಲ್ಲ: ಟ್ರಂಪೆಟ್ ಮಕ್ಕಳಿಗೆ ಪಕ್ಕವಾದ್ಯ ನುಡಿಸುವಾಗಿನ ನನ್ನ ಅನುಭವ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಹಾಡುವವರ ಶ್ರುತಿಗೆ ತಂಬೂರಿ, ಪಿಟೀಲು, ಮೃದಂಗ ಎಲ್ಲವೂ ಹೊಂದಿಕೊಳ್ಳುತ್ತವೆ. ಟ್ರಂಪೆಟ್ ಮತ್ತು ಪಿಯಾನೋ ಕೂಡಿದಾಗ ಇದು ತಿರುಗುಮುರುಗು. ಇನ್ನೂರಕ್ಕೂ ಹೆಚ್ಚು ತಂತಿಗಳಿರುವ ಪಕ್ಕವಾದ್ಯ ಇದ್ದಲ್ಲೇ ಇರುತ್ತದೆ, ಮುಖ್ಯ ಕಲಾವಿದನೇ ಅದರ ಬಳಿಗೆ ಹೋಗಬೇಕು. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳ ಕಾರ್ಯಕ್ರಮಗಳಿಗೆ ನಾನು ಮಾಡಿಕೊಳ್ಳುವ ತಯಾರಿಯೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಎರಡು ವಾರ ಮುಂಚೆ ಹಾಲ್‌ಗೆ ಹೋಗಿ, ಫೋನಿನ ಟ್ಯೂನರ್ ಇಟ್ಟುಕೊಂಡು ಪಿಯಾನೋದ ನಡುವಿನ ಎ ಸ್ವರ ಒತ್ತಿ ನೋಡುತ್ತೇನೆ. 440 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಇರಬೇಕು. 436 ಇದ್ದರೂ ನಡೆಯುತ್ತದೆ. 425ಕ್ಕೆ ಇಳಿದಿದ್ದರೆ ಮಾತ್ರ ತೊಂದರೆ, ಅದು ಸುಮಾರು 60 ಸೆಂಟ್ ಕಡಿಮೆ (ಪಿಯಾನೋದ ಎರಡು ಪಕ್ಕದ ಕೀಲಿಗಳ ನಡುವಿನ ಅಂತರ 100 ಸೆಂಟ್). ಟ್ರಂಪೆಟ್‌ನ ಟ್ಯೂನಿಂಗ್ ಸ್ಲೈಡನ್ನು (ಹೊರಗೆಳೆಯಬಹುದಾದ, ಯು ಆಕಾರದ ತುಂಡು) 1 ಸೆಂ.ಮೀ. ಎಳೆದರೆ ಕೊಳವೆ 2 ಸೆಂ.ಮೀ. ಉದ್ದವಾಗಿ ಶ್ರುತಿ ಸುಮಾರು 23 ಸೆಂಟ್ ಇಳಿಯುತ್ತದೆ. 60 ಇಳಿಸಲು ಎರಡೂವರೆ ಸೆಂ.ಮೀ.ಗೂ ಹೆಚ್ಚು ಎಳೆಯಬೇಕು, ಅದೂ ಮಾಮೂಲಿಯಾಗಿ ಎಳೆದಿಟ್ಟಿರುವ ಒಂದು–ಒಂದೂವರೆಯ ಮೇಲೆ. ಅಷ್ಟು ಎಳೆದರೂ ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಒತ್ತದ ಖಾಲಿ ಸ್ವರಗಳಷ್ಟೇ ಸರಿಹೋಗುತ್ತವೆ. ವಾಲ್ವ್ ಒತ್ತಿದಾಗ ಸೇರಿಕೊಳ್ಳುವ ತುಂಡುಗಳು ಹಳೆಯ ಅಳತೆಯಲ್ಲೇ ಇರುವುದರಿಂದ ಆ ಸ್ವರಗಳು ಏರಿಯೇ ಉಳಿಯುತ್ತವೆ. ಇದಕ್ಕೆ ಮಗುವನ್ನು ಬೈದು ಪ್ರಯೋಜನವಿಲ್ಲ, ಪಿಯಾನೋವನ್ನೇ ಶ್ರುತಿ ಮಾಡಿಸಬೇಕು. ಅಷ್ಟು ಇಳಿದ ಪಿಯಾನೋ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಈಗೊಮ್ಮೆ, ಕಾರ್ಯಕ್ರಮದ ಹಿಂದಿನ ದಿನ ಇನ್ನೊಮ್ಮೆ ಬೇಕು. ಮಳೆಗಾಲದಲ್ಲಂತೂ ತೇವಕ್ಕೆ ಒಳಗಿನ ಹಲಗೆ ಉಬ್ಬಿ ನಡುಭಾಗದ ಶ್ರುತಿ ಮೇಲೇರುತ್ತದೆ. ಏಪ್ರಿಲ್‌ನಲ್ಲಿ ಮಾಡಿಸಿದ್ದನ್ನು ಆಗಸ್ಟ್‌ನಲ್ಲಿ ನಂಬಬೇಡಿ.

ಮಕ್ಕಳು ಹೆಚ್ಚಾಗಿ ಆರಿಸುವುದು ಹೈಡನ್‌ನ ಇ ಫ್ಲಾಟ್ ಕಾನ್ಸರ್ಟೋದ ಎರಡನೇ ಭಾಗ, ಆಂಡಾಂಟೆ. ಆಂಟನ್ ವೈಡಿಂಗರ್ ಎಂಬ ವಾದಕನ, ಕೊಳವೆಯ ತೂತುಗಳನ್ನು ಕೀಲಿಯಿಂದ ತೆರೆದು ನುಡಿಸುವ ಕೀಲಿ ಟ್ರಂಪೆಟ್‌ಗಾಗಿ 1796ರಲ್ಲಿ ಬರೆದದ್ದು. ವಾಲ್ವ್ ಆಗಿನ್ನೂ ಬಂದಿರಲಿಲ್ಲ. ಇದರ ಪುಸ್ತಕದಲ್ಲಿ ಸಾಮಾನ್ಯವಾಗಿ ಟ್ರಂಪೆಟ್‌ಗೆ ಎರಡು ಹಾಳೆ ಇರುತ್ತವೆ, ಇ ಫ್ಲಾಟ್‌ಗೊಂದು, ಬಿ ಫ್ಲಾಟ್‌ಗೊಂದು. ಮಗುವಿನ ಕೈಯಲ್ಲಿರುವುದು ಬಿ ಫ್ಲಾಟ್ ವಾದ್ಯ, ಅಂದರೆ ಅದರ ಹಾಳೆಯ ಸಿ ಪಿಯಾನೋದ ಬಿ ಫ್ಲಾಟ್ ಆಗಿ, ಡಿ ಪಿಯಾನೋದ ಸಿ ಆಗಿ ಕೇಳುತ್ತದೆ. ತಪ್ಪು ಹಾಳೆ ಕಲಿತುಬಂದರೆ ಎಲ್ಲವೂ ನಾಲ್ಕು ಸ್ವರ ಕೆಳಗೆ ಕೇಳುತ್ತದೆ, ನಾನು ಎ ಫ್ಲಾಟ್‌ನಲ್ಲಿ, ಮಗು ಇ ಫ್ಲಾಟ್‌ನಲ್ಲಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮೊದಲ ರಿಹರ್ಸಲ್‌ನಲ್ಲಿ ನಾನು ನೋಡುವುದು ಯಾವ ವಾದ್ಯದ್ದೆಂದು ಬರೆದಿರುವ, ಹಾಳೆಯ ಎಡ ಮೂಲೆಯನ್ನು.

ಈ ಆಂಡಾಂಟೆಯಲ್ಲಿ ನಿಜವಾದ ತಲೆನೋವು, ಎ ಫ್ಲಾಟ್ ಷಡ್ಜವಾದಾಗ ಬರುವ ಗಾಂಧಾರ. ಬಿ ಫ್ಲಾಟ್ ಹಾಳೆಯಲ್ಲಿ ಅದು ಮೇಲಿನಿಂದ ಎರಡನೇ ಗೆರೆಯ ಡಿ, ಮೊದಲ ವಾಲ್ವ್. ಕೊಳವೆಯ ಐದನೇ ಸಹಜಸ್ವರವಾದ್ದರಿಂದ (ಒಂದೇ ಉದ್ದದ ಕೊಳವೆಯಲ್ಲಿ ತುಟಿಯಿಂದಲೇ ಏರುತ್ತ ಬರುವ ಸ್ವರಗಳಲ್ಲಿ ಐದನೆಯದು) ಅದು ಪಿಯಾನೋದ ಸಮಪಾಲಿನ ಶ್ರುತಿಗಿಂತ 14 ಸೆಂಟ್ ಕೆಳಗೆ ನಿಲ್ಲಲು ನೋಡುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಇಳಿದ ಗಾಂಧಾರವೇ ಸಿಹಿ, ಹಾಗಾಗಿ ಮನೆಯಲ್ಲಿ ಹಾಡುವ ರೂಢಿಯಿರುವ ಮಕ್ಕಳು ತುಟಿಯಿಂದ ಅದನ್ನು ಅಲ್ಲೇ ಕೂರಿಸುತ್ತಾರೆ. ಅವರದು ತಪ್ಪೆನ್ನಲಾರೆ, ಆದರೆ ಪಿಯಾನೋದ ಸಿ ಮೇಲಿದೆ, ಎರಡೂ ಕೂಡಿದಾಗ ಧ್ವನಿ ಅಲೆಅಲೆಯಾಗಿ ನಡುಗುತ್ತದೆ. ಎರಡು ಕಡೆಯಿಂದ ಸರಿಮಾಡುತ್ತೇವೆ. ಮಗು ಆ ಸ್ವರಕ್ಕೆ ಉಸಿರಿನ ವೇಗ ಸ್ವಲ್ಪ ಹೆಚ್ಚಿಸಿ ಮೇಲೆತ್ತುವುದನ್ನು ಕಲಿಯಬೇಕು. ನಾನು ಆ ಉದ್ದ ಸ್ವರದ ಕೆಳಗೆ ಬರುವ ಸಿಯನ್ನು ತೀರಾ ಮೆಲ್ಲಗೆ ಒತ್ತುತ್ತೇನೆ, ಎರಡು ಕಡೆ ಇದ್ದರೆ ಒಂದನ್ನು ಬಿಟ್ಟೇಬಿಡುತ್ತೇನೆ. ಇದು ಆರ್ಕೆಸ್ಟ್ರಾದಿಂದ ಪಿಯಾನೋಗೆ ಇಳಿಸಿದ ಹಾಳೆ, ಅಷ್ಟು ಸ್ವಾತಂತ್ರ್ಯ ಇದೆ.

ಕೆಳಗಿನ ಡಿ (1, 3ನೇ ವಾಲ್ವ್ ಒಟ್ಟಿಗೆ) ಮತ್ತು ಸಿ ಶಾರ್ಪ್ (1–2–3) ಇದಕ್ಕೆ ತದ್ವಿರುದ್ಧ, ಏರುತ್ತವೆ. ಉಂಗುರದಲ್ಲಿ ಬೆರಳಿಟ್ಟು ಮೂರನೇ ವಾಲ್ವಿನ ಸ್ಲೈಡ್ ಹೊರಗೆ ತಳ್ಳಬೇಕು: ಡಿಗೆ ಒಂದು ಸೆಂ.ಮೀ. ಆಸುಪಾಸು, ಸಿ ಶಾರ್ಪ್‌ಗೆ ಅದಕ್ಕಿಂತ ಹೆಚ್ಚು. ಬಹಳ ಮಕ್ಕಳ ವಾದ್ಯದಲ್ಲಿ ಆ ಸ್ಲೈಡ್ ಅಂಟಿಕೊಂಡೇ ಇರುತ್ತದೆ. ಹಳೇ ಗ್ರೀಸ್ ಒರೆಸಿ ತೆಳುವಾಗಿ ಹೊಸದು ಹಚ್ಚಿದರೆ ಸಾಕು.

ಕಾರ್ಯಕ್ರಮದ ದಿನ ಶ್ರುತಿ ಕೆಡಿಸುವುದು ಎಸಿ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ನುಡಿಸುತ್ತಿರುವಾಗ ಉಸಿರು ಕೊಳವೆಯನ್ನು ಬೆಚ್ಚಗಿಡುತ್ತದೆ, ಇಪ್ಪತ್ತು ನಿಮಿಷ ಕುರ್ಚಿಯ ಮೇಲಿಟ್ಟರೆ ಅದಿಲ್ಲ. ಬೆಳಿಗ್ಗೆ ಶ್ರುತಿ ಸೇರಿಸಿ ಸ್ಲೈಡಿಗೆ ಗುರುತು ಹಾಕಿಕೊಂಡವರು ಸಂಜೆ ಕೆಳಗೆ ನುಡಿಸುವುದು ಇದರಿಂದಲೇ. ಹಿಂದಿನ ವಿದ್ಯಾರ್ಥಿ ನುಡಿಸುತ್ತಿರುವಾಗ ಪರದೆಯ ಹಿಂದೆ ನಿಂತು, ತುಟಿ ಕಂಪಿಸದೆ, ಸದ್ದಿಲ್ಲದೆ ಬಿಸಿ ಉಸಿರು ಊದುತ್ತಿರಿ ಎಂದು ಹೇಳುತ್ತೇನೆ. ವೇದಿಕೆಯಲ್ಲಿ ನಾನು ಬಿ ಫ್ಲಾಟ್ ಕೊಡುತ್ತೇನೆ, ಮಗು ತನ್ನ ಸಿ ನುಡಿಸುತ್ತದೆ, ಆಮೇಲೆ ಅದರ ಕೆಳಗಿನ ಜಿ. ಒಂದೇ ಸ್ವರ ಕೇಳಿದರೆ ತುಟಿಯಲ್ಲೇ ಸರಿಮಾಡಿ ಮೋಸ ಮಾಡುತ್ತಾರೆ, ಸ್ಲೈಡ್ ಮುಟ್ಟುವುದಿಲ್ಲ.

ಮೊದಲ ಭಾಗವನ್ನು ಆರಿಸಿದವರಿಗೆ ಇನ್ನೊಂದು ಎಚ್ಚರಿಕೆ. ಟ್ರಂಪೆಟ್ ರಾಗ ಶುರುವಾಗುವುದು 37ನೇ ಬಾರ್‌ನಲ್ಲಿ (ಬಾರ್ ಅಂದರೆ ತಾಳದ ಆವರ್ತದಂಥದ್ದು). ಪಿಯಾನೋದಲ್ಲಿ ಅಷ್ಟು ಹೊತ್ತಿನ ಪೀಠಿಕೆ ಕೇಳುವವರಿಗೆ ಬೇಸರ, ಎಲ್ಲರೂ ಕತ್ತರಿಸುತ್ತಾರೆ, ನಾನೂ. ಆದರೆ ಹೈಡನ್ 8ನೇ ಬಾರ್‌ನಲ್ಲಿ ಒಂದು ಸ್ವರ, 13ರಿಂದ ಚಿಕ್ಕ ಕಹಳೆ ಕೊಟ್ಟಿದ್ದಾನೆ. ಕತ್ತರಿಸಿದಾಗ ತುಟಿ ಕಾಯಿಸುವ ಆ ಅವಕಾಶವೂ ಹೋಗುತ್ತದೆ. ಹಾಗೆ ಮಾಡುವುದಾದರೆ ಒಳಗೆ ಹತ್ತು ನಿಮಿಷ ಉದ್ದ ಸ್ವರ ಮೆಲ್ಲಗೆ ನುಡಿಸಿಯೇ ಬರಬೇಕು. ಆಂಡಾಂಟೆಯ ಮೊದಲ ಎಂಟು ಬಾರ್ ಮಾತ್ರ ನಾನು ಯಾವತ್ತೂ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಮಗು ಕೊಳವೆಯ ನೀರು ತೆಗೆಯಬಹುದು; ಅದಕ್ಕೆ ಕಾಲಬಳಿ ಒಂದು ಹಳೇ ಬಟ್ಟೆ ಹಾಸಿರುತ್ತೇನೆ.

ನಿಲ್ಲುವ ಜಾಗ: ಗ್ರ್ಯಾಂಡ್ ಆದರೆ ಅದರ ಬಳುಕಿನಲ್ಲಿ, ಮುಚ್ಚಳ ಚಿಕ್ಕ ಕೋಲಿನ ಮೇಲೆ. ಬೆಲ್ (ಟ್ರಂಪೆಟ್‌ನ ಅಗಲ ಬಾಯಿ) ಪಿಯಾನೋದೊಳಕ್ಕೆ ತಿರುಗಿದ್ದರೆ, ನಾನು ಬಲ ಪೆಡಲ್ ಒತ್ತಿದಾಗ ಮಗುವಿನ ಸ್ವರಕ್ಕೆ ತಂತಿಗಳೆಲ್ಲ ಮೊಳಗಿ ಗದ್ದಲವಾಗುತ್ತದೆ. ಅಪ್‌ರೈಟ್ ಆದರೆ ನನ್ನ ಬಲಕ್ಕೆ, ಭುಜ ಕಾಣುವಷ್ಟು ಮುಂದೆ. ಭುಜ ಏರಿದ್ದು ನೋಡಿಯೇ ನಾನು ಹೊರಡುತ್ತೇನೆ, ತಲೆಯಾಡಿಸುವುದು ಬೇಡ. ಬೆಲ್‌ನ ಹಿಂದೆ ಕೂತವರಿಗೆ ಟ್ರಂಪೆಟ್ ಇರುವುದಕ್ಕಿಂತ ಮೆಲ್ಲಗೆ ಕೇಳುತ್ತದೆ. ಅದನ್ನು ನಂಬಿ ನಾನು ತಗ್ಗಿಸಿದರೆ ಸಭೆಗೆ ಪಿಯಾನೋ ಕೇಳಿಸುವುದೇ ಇಲ್ಲ. ರಿಹರ್ಸಲ್‌ನಲ್ಲಿ ಇನ್ನೊಬ್ಬ ವಿದ್ಯಾರ್ಥಿಯನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಎಡಗೈ ಕೇಳುತ್ತಿದೆಯೇ ಎಂದಷ್ಟೇ ಕೇಳುತ್ತೇನೆ. ಕೇಳುವುದಿಲ್ಲ ಎಂದರೆ ಪೆಡಲ್ ಕಡಿಮೆ ಮಾಡಿ ಎಡಗೈಗೆ ತೂಕ ಕೊಡುತ್ತೇನೆ.