ಬಾಲ್ಯವಿವಾಹ ತಡೆಯಲು ಕಾನೂನು ಹುಡುಕಿ ಓದುವುದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. 16 ವರ್ಷದ ಹುಡುಗಿಗೆ ಮದುವೆ ಗೊತ್ತು ಮಾಡಿದ್ದಾರೆ. ಪಂಚಾಯಿತಿಗೆ ಸುದ್ದಿ ಮುಟ್ಟಿತು ಅಂತ ತಿಳಿದ ಕೂಡಲೇ ಮನೆಯವರು ರಾತ್ರೋರಾತ್ರಿ ಆಂಧ್ರದ ಕಡೆ ಹೋಗಿ, ಅಲ್ಲಿನ ದೇವಸ್ಥಾನದಲ್ಲಿ ತಾಳಿ ಕಟ್ಟಿಸುತ್ತಾರೆ. ಗಡಿ ತಾಲ್ಲೂಕು ಅಲ್ವಾ, ಆಚೆ ಈಚೆ ಎರಡೂ ಕಡೆ ನೆಂಟರು. ಈ ಮದುವೆ ಊರ್ಜಿತವೇ? ಮೊದಲೇ ತಡೆಯಬಹುದಿತ್ತೇ? ಆ ಹುಡುಗಿಗೆ ಈಗ ಯಾವ ದಾರಿ ಇದೆ?

ಇದಕ್ಕೆ ಉತ್ತರ ಹುಡುಕಲು ವಕೀಲರೇ ಆಗಬೇಕಿಲ್ಲ. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು ಯಾರು ಬೇಕಾದರೂ ಈ ಕೆಲಸ ಕಲಿಯಬಹುದು. ಆದರೆ ನಿಮ್ಮ ಕಣ್ಣೆದುರೇ ಮದುವೆಯ ತಯಾರಿ ನಡೆದಿದ್ದರೆ ಓದು, ಸಂಶೋಧನೆ ಎಲ್ಲ ಆಮೇಲೆ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪ್ರಶ್ನೆ ಚಿಕ್ಕದಿರಲಿ

‘ಬಾಲ್ಯವಿವಾಹ ಮತ್ತು ಕಾನೂನು’ ಅಂತ ಹೊರಟರೆ ಎಲ್ಲೂ ಮುಟ್ಟುವುದಿಲ್ಲ. ‘ನಮ್ಮ ತಾಲ್ಲೂಕಿನಲ್ಲಿ ಮದುವೆಗೆ ಮೊದಲೇ ಕೋರ್ಟಿನಿಂದ ತಡೆಯಾಜ್ಞೆ ತರುತ್ತಿದ್ದಾರಾ?’ ಎಂದು ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ.

ಕಾಯ್ದೆಯ ಜೊತೆ ತಿದ್ದುಪಡಿಯನ್ನೂ ಓದಿ

ಮುಖ್ಯ ಕಾಯ್ದೆ ಬಾಲ್ಯವಿವಾಹ ನಿಷೇಧ ಕಾಯ್ದೆ, 2006. ಜಾರಿಗೆ ಬಂದದ್ದು 2007ರ ನವೆಂಬರ್ 1ರಂದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಇದರ ಪಠ್ಯ ಉಚಿತವಾಗಿ ಸಿಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಕೇಂದ್ರದ ಕಾಯ್ದೆಯ ಸೆಕ್ಷನ್ 3ರ ಪ್ರಕಾರ, ಬಾಲ್ಯವಿವಾಹ ತಾನಾಗೇ ರದ್ದಾಗುವುದಿಲ್ಲ. ಮದುವೆಯಾದ ಮಗುವೇ ಕೋರ್ಟಿಗೆ ಹೋಗಿ ರದ್ದು ಕೇಳಬೇಕು. ಪ್ರಾಯಕ್ಕೆ ಬಂದು ಎರಡು ವರ್ಷದೊಳಗೆ ಕೇಳಬೇಕು. ಅಂದರೆ ಹುಡುಗಿಗೆ 20 ತುಂಬುವವರೆಗೆ ಸಮಯ. ಆದರೆ ಕರ್ನಾಟಕ 2016ರ ತಿದ್ದುಪಡಿಯಲ್ಲಿ 3(1ಎ) ಎಂಬ ಉಪಕಲಂ ಸೇರಿಸಿತು. ಅದು ಜಾರಿಗೆ ಬಂದ ಮೇಲೆ ನಡೆದ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ. ಬರೀ ಕೇಂದ್ರದ ಪ್ರತಿ ನೋಡಿ ಹುಡುಗಿಗೆ ಸಲಹೆ ಕೊಟ್ಟರೆ ಅವಳಿಗೆ ನಷ್ಟ. ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ತಿದ್ದುಪಡಿಗಳನ್ನು ನೋಡಿ. ನೋಡಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಮತ್ತೆ ತಿದ್ದುಪಡಿ ಬರಬಹುದು.

ಈಗ ಗಡಿಯ ಪ್ರಶ್ನೆಗೆ ಬನ್ನಿ. ನಮ್ಮ ತಿದ್ದುಪಡಿ ಕರ್ನಾಟಕಕ್ಕೆ ಸೇರಿದ್ದು. ಆಂಧ್ರದಲ್ಲಿ ನಡೆದ ಮದುವೆಗೆ ಅದೊಂದನ್ನೇ ನಂಬಿಕೊಂಡರೆ ವಾದ ಬೀಳಬಹುದು. ಆದರೆ ಕೇಂದ್ರದ ಕಾಯ್ದೆಯಲ್ಲೇ ಬೇರೆ ಎರಡು ಬಾಗಿಲುಗಳಿವೆ. ಪೋಷಕರ ವಶದಿಂದ ಪುಸಲಾಯಿಸಿ ಕರೆದೊಯ್ದಿದ್ದರೆ, ಬಲವಂತ ಮಾಡಿದ್ದರೆ, ಮಾರಿದ್ದರೆ, ಸೆಕ್ಷನ್ 12ರಡಿ ಮದುವೆ ಅಸಿಂಧು. ಸೆಕ್ಷನ್ 13ರಡಿ ಮ್ಯಾಜಿಸ್ಟ್ರೇಟರು ಮೊದಲೇ ತಡೆಯಾಜ್ಞೆ ಕೊಟ್ಟಿದ್ದು, ಅದನ್ನು ಮೀರಿ ಮದುವೆ ಮಾಡಿದರೆ, ಸೆಕ್ಷನ್ 14ರ ಪ್ರಕಾರ ಆಗಲೂ ಅಸಿಂಧು. ಮಧ್ಯಂತರ ಆಜ್ಞೆಯಾದರೂ ಸಾಕು. ಬಾಗೇಪಲ್ಲಿ, ಗೌರಿಬಿದನೂರು, ಅತ್ತ ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಬರೀ ಮುಚ್ಚಳಿಕೆ ಬರೆಸಿಕೊಂಡು ಬರುವುದಕ್ಕಿಂತ ಈ ಆಜ್ಞೆ ಎಷ್ಟೋ ಗಟ್ಟಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಗಂಟು ಇದೆ. ಸೆಕ್ಷನ್ 4ರ ಪ್ರಕಾರ, ಸೆಕ್ಷನ್ 3ರಡಿ ಡಿಕ್ರಿ (ಮದುವೆ ರದ್ದು ಮಾಡುವ ಆದೇಶ) ಕೊಡುವಾಗ ಕೋರ್ಟು ಹುಡುಗಿಗೆ ಜೀವನಾಂಶ, ವಾಸದ ವ್ಯವಸ್ಥೆ ಕೊಡಿಸಬಹುದು. ಮದುವೆ ಮೊದಲಿನಿಂದಲೇ ಅಸಿಂಧು ಅಂದಮೇಲೆ ಅವಳು ಡಿಕ್ರಿಗೆ ಹೋಗಲೇಬೇಕಾ? ಡಿಕ್ರಿಯೇ ಇಲ್ಲದಿದ್ದರೆ ಜೀವನಾಂಶ ಯಾವ ದಾರಿಯಲ್ಲಿ? ಕಂಕುಳಲ್ಲಿ ಮಗು ಹೊತ್ತುಕೊಂಡು ತವರಿಗೆ ಮರಳಿದ ಹುಡುಗಿಗೆ ಇದೇ ಊಟದ ಪ್ರಶ್ನೆ. ತೀರ್ಪುಗಳನ್ನು ಓದುವಾಗ ಇದಕ್ಕೆ ಉತ್ತರ ಹುಡುಕಿ.

ತೀರ್ಪುಗಳು

ಸುಪ್ರೀಂ ಕೋರ್ಟಿನ ಇಎಸ್‌ಸಿಆರ್ ಪೋರ್ಟಲ್‌ನಲ್ಲಿ ತೀರ್ಪುಗಳು ಉಚಿತ. ಕೆಲವು ಕನ್ನಡದಲ್ಲೂ ಇವೆ. ಎರಡನ್ನು ಓದಲೇಬೇಕು. 2017ರ ಅಕ್ಟೋಬರ್ 11ರ ಇಂಡಿಪೆಂಡೆಂಟ್ ಥಾಟ್ ತೀರ್ಪು, 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದಿತು. ಕರ್ನಾಟಕದ ತಿದ್ದುಪಡಿಯ ದಾರಿಯನ್ನು ಬೇರೆ ರಾಜ್ಯಗಳೂ ಹಿಡಿಯುವುದು ಒಳ್ಳೆಯದು ಎಂದೂ ಅದರಲ್ಲಿದೆ. 2024ರ ಅಕ್ಟೋಬರ್ 18ರ ತೀರ್ಪು ಬರೀ ಶಿಕ್ಷೆಗಿಂತ ತಡೆಗೆ ಒತ್ತು ಕೊಟ್ಟಿತು. ಮಕ್ಕಳ ನಿಶ್ಚಿತಾರ್ಥವನ್ನೂ ನಿಷೇಧಿಸುವ ಬಗ್ಗೆ ಸಂಸತ್ತು ಯೋಚಿಸಲಿ ಎಂದಿತು.

ಪ್ರಕರಣ ಹುಡುಕುವಾಗ ದಿನಾಂಕ ಗಮನಿಸಿ. 2024ರ ಜುಲೈ 1ರಿಂದ ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕಿಂತ ಹಳೆಯ ಅಪರಾಧಗಳು ಐಪಿಸಿ ಸೆಕ್ಷನ್‌ಗಳಲ್ಲೇ ಇರುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೇ 2007ರಲ್ಲಿ. ಇನ್ನೂ ಹಳೆಯದು ಬೇಕಿದ್ದರೆ ಕೋಲಾರ ಜಿಲ್ಲೆಯ ಹೆಸರಲ್ಲಿ ಹುಡುಕಿ.

ವಯಸ್ಸಿನ ದಾಖಲೆಯ ವಿಚಾರವೂ ಪದೇ ಪದೇ ಬರುತ್ತದೆ. ಬಾಲ ನ್ಯಾಯ ಕಾಯ್ದೆ, 2015ರ ಸೆಕ್ಷನ್ 94ರ ಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಯಾವುದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ.

ಆರ್‌ಟಿಐ ಮತ್ತು ಅಂಕಿಸಂಖ್ಯೆ

ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬಂದ ದೂರು, ನಿಲ್ಲಿಸಿದ ಮದುವೆ, ದಾಖಲಾದ ಎಫ್‌ಐಆರ್, ಸೆಕ್ಷನ್ 13ರಡಿ ಹಾಕಿದ ಅರ್ಜಿ ಇವುಗಳ ತಾಲ್ಲೂಕುವಾರು ಸಂಖ್ಯೆ ಕೇಳಿ. ಹೆಸರು, ವಿಳಾಸ ಕೇಳಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.

ಅಂಕಿ ಸಿಕ್ಕಿತು ಅಂತ ಸುಮ್ನೆ ತೀರ್ಮಾನಕ್ಕೆ ಬರಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಶೇ 21.4. ಹಾಗಾದರೆ ತಿದ್ದುಪಡಿ ಸೋತಿತೇ? ಹಾಗೆ ಹೇಳಲಾಗದು. ಸಮೀಕ್ಷೆಗೆ ಸಿಕ್ಕವರಲ್ಲಿ ಎಷ್ಟೋ ಜನರ ಮದುವೆ ತಿದ್ದುಪಡಿಗೂ ಮೊದಲೇ ನಡೆದಿರುತ್ತದೆ.

ಬರೆಯುವಾಗ

ಮಗುವಿನ ಗುರುತು ಬಯಲಾಗಬಾರದು. ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಎರಡೂ ಇದನ್ನೇ ಹೇಳುತ್ತವೆ. ಹೆಸರು ಬದಲಿಸಿದರೆ ಸಾಲದು. ಊರು, ಶಾಲೆ, ಜಾತ್ರೆಯ ದಿನ ಹೇಳಿದರೆ ಸಣ್ಣ ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಗುರುತು ಸಿಕ್ಕ ಹುಡುಗಿಯನ್ನು ಮತ್ತೆ ಗಂಡನ ಮನೆಗೆ ನೂಕುವವರು ಇದ್ದೇ ಇರುತ್ತಾರೆ.

ಕೊನೆಗೆ ಎರಡು ಪುಟದ ಟಿಪ್ಪಣಿ ಸಾಕು. ಕಾನೂನು ಏನು ಹೇಳುತ್ತದೆ, ತಾಲ್ಲೂಕಿನಲ್ಲಿ ಏನು ನಡೆಯುತ್ತಿದೆ, ಯಾವ ಅಧಿಕಾರಿ ಏನು ಮಾಡಬೇಕು, ಇಷ್ಟು ಬರೆಯಿರಿ. ಒಂದು ಪ್ರತಿ ಮಕ್ಕಳ ಕಲ್ಯಾಣ ಸಮಿತಿಗೆ, ಒಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಪಿಡಿಒಗೂ ಒಂದು ಪ್ರತಿ ಕೊಟ್ಟು, ಮಕ್ಕಳ ಗ್ರಾಮಸಭೆಯಲ್ಲಿ ಓದಿಸಿ. ಅಕ್ಷಯ ತೃತೀಯಕ್ಕೆ ಮುಂಚೆ ಜಿಲ್ಲಾಧಿಕಾರಿ ಕಚೇರಿಗೂ ತಲುಪಿಸಿ. ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು, ಬಾಲ್ಯವಿವಾಹ ನಿಷೇಧಾಧಿಕಾರಿಯ ಎಲ್ಲ ಅಧಿಕಾರವನ್ನೂ ಬಾಲ್ಯವಿವಾಹ ನಿಷೇಧ ಕಾಯ್ದೆಯ ಸೆಕ್ಷನ್ 13 ಜಿಲ್ಲಾಧಿಕಾರಿಗೇ ಕೊಟ್ಟಿದೆ.