ಅಂಬಾಸಿಡರ್‌ಗೆ ಇಸುಜು ಎಂಜಿನ್: ರೊಕ್ಕ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು

ಹಳೇ ಕಾರಿನ ಎಂಜಿನ್ ತೆಗೆದು ಬೇರೆ ಎಂಜಿನ್ ಕೂರಿಸುವ ಕೆಲಸ ಅಮೆರಿಕದವರಿಗೆ ಸಲೀಸು. ಶೆವ್ರೊಲೆಯ 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ8 ಎಂಜಿನ್ ಕಂಪನಿಯಿಂದಲೇ ಹೊಚ್ಚ ಹೊಸದಾಗಿ, ವಾರಂಟಿ ಸಮೇತ ಪೆಟ್ಟಿಗೆಯಲ್ಲಿ ಬರುತ್ತದೆ. ಅದನ್ನೇ ಅವರು ಕ್ರೇಟ್ ಮೋಟಾರ್ ಅನ್ನುವುದು. ಬೆಳಗಾವಿಯಲ್ಲಿ ನಮ್ಮ ಪಾಲಿಗೆ ಅಂಥ ಪೆಟ್ಟಿಗೆ ಇಲ್ಲ, ಗುಜರಿಗೆ ಬಂದ ಇನ್ನೊಂದು ಗಾಡಿ ಇದೆ ಅಷ್ಟೇ.

ನನ್ನದು ಮಾರ್ಕ್ 4 ಅಂಬಾಸಿಡರ್. ಅದರಲ್ಲಿದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸದ 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್. ಸವೆದ ಸಿಲಿಂಡರುಗಳನ್ನು ಕೊರೆದು ದೊಡ್ಡದು ಮಾಡುವ ಬೋರ್ ಕೆಲಸ ಎರಡು ಸಲ ಆಗಿತ್ತು, ಕ್ರ್ಯಾಂಕ್ ಶಾಫ್ಟ್ ಮತ್ತೆ ತಿಕ್ಕುವ ಸ್ಥಿತಿಯಲ್ಲಿರಲಿಲ್ಲ. 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಅಂಬಾಸಿಡರಿನ ಇದೇ ಬಾಡಿಯೊಳಗೆ ಜಪಾನಿನ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ನು, ಐದು ಗೇರಿನ ಬಾಕ್ಸು ಕೂರಿಸಿ ಮಾರಿದರು. ಕಂಪನಿಯೇ ಕೂರಿಸಿದ್ದು ಎಂದಮೇಲೆ ಜಾಗದ ಚಿಂತೆ ಇಲ್ಲ. ಮಾರುತಿ ಎಂಜಿನ್ ಹಾಕು, ಡೀಸೆಲ್ ಹಾಕು ಎಂದವರು ಬಹಳ ಮಂದಿ. ಡೀಸೆಲ್ ಹಾಕಿದರೆ ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕು, ಆ ಉಸಾಬರಿ ನನಗೆ ಬೇಡವಾಗಿತ್ತು.

ಎಂಜಿನ್ ಒಂದನ್ನೇ ಹುಡುಕುತ್ತಿದ್ದ ನನ್ನನ್ನು ತಡೆದವರು ನಮ್ಮ ಮಿಸ್ತ್ರಿ. "ಸಾಹೇಬ್ರ, ಬರೇ ಎಂಜಿನ್ ತಗೋಬ್ಯಾಡ್ರಿ, ಇಡೀ ಗಾಡೀನ ತಗೋರಿ. ಎಂಜಿನ್ ಅಗ್ಗ ಐತ್ರಿ, ಅದರ ಬೆನ್ನ ಹತ್ತಿ ಬರೂ ಸಾಮಾನ ತುಟ್ಟಿ." ಈ ಮಾತು ನೂರಕ್ಕೆ ನೂರು ನಿಜ. ಎಂಜಿನ್ ಬಿಡಿಯಾಗಿ ಕೊಂಡರೆ ಆಮೇಲೆ ಗೇರ್‌ಬಾಕ್ಸು, ಮೌಂಟಿಂಗ್ ಬ್ರ್ಯಾಕೆಟ್ಟು, ರೇಡಿಯೇಟರ್, ಏರ್ ಕ್ಲೀನರ್, ಸೈಲೆನ್ಸರಿನ ಮುಂದಿನ ಪೈಪು, ಆಲ್ಟರ್ನೇಟರ್ ಎಂದು ಒಂದೊಂದಕ್ಕೂ ಒಬ್ಬೊಬ್ಬರ ಅಂಗಡಿ ಮುಂದೆ ನಿಲ್ಲಬೇಕು. 2014ರಲ್ಲಿ ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತ ಮೇಲಂತೂ ಸಣ್ಣ ಬ್ರ್ಯಾಕೆಟ್ಟಿಗೂ ಬಾಯಿಗೆ ಬಂದ ರೇಟು. ಕೊಲ್ಹಾಪುರದ ಕಡೆ ಬಾಡಿ ತುಕ್ಕು ಹಿಡಿದು ನಿಂತಿದ್ದ, ಆದರೆ ಇಸುಜು ಎಂಜಿನ್ ಚಾಲೂ ಇದ್ದ 1800 ಅಂಬಾಸಿಡರ್ ಸಿಕ್ಕಿತು. ಕಾರ್ಬೊರೇಟರಿನದು, ಹಾಗಾಗಿ ಕಂಪ್ಯೂಟರ್ ಡಬ್ಬಿ, ಸೆನ್ಸರುಗಳ ತಾಪತ್ರಯವಿಲ್ಲ.

ಕೊಳ್ಳುವ ಮುಂಚೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಪ್ಲಗ್ಗಿನ ತೂತಿಗೆ ಮೀಟರ್ ಇಟ್ಟು ನೋಡಿಯೇ ದುಡ್ಡು ಕೊಟ್ಟೆ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ನಾಲ್ಕರ ನಡುವೆ ಶೇ. 10ಕ್ಕಿಂತ ಹೆಚ್ಚು ಫರಕು ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವಿನ ಕಡೆ ದೋಷ. ನನ್ನದರಲ್ಲಿ ಒಂದರಲ್ಲಿ ಮಾತ್ರ ಕಡಿಮೆ, ಅದೂ ವಾಲ್ವಿನದು. ಹೆಡ್ ಬಿಚ್ಚಿಸಿ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅದರ ಮುಖ ಸಮತಟ್ಟು ಮಾಡುವ ಫೇಸಿಂಗ್, ವಾಲ್ವ್ ಸೀಟ್ ಕೆಲಸ ಮಾಡಿಸಿದೆ. ಫೌಂಡ್ರಿ, ಲೇತು, ಗ್ರೈಂಡಿಂಗ್ ಎಲ್ಲವೂ ಅಕ್ಕಪಕ್ಕದ ಗಲ್ಲಿಗಳಲ್ಲೇ ಇರುವ ಊರಲ್ಲಿದ್ದೇವೆ, ಈ ವಿಷಯದಲ್ಲಿ ಬೆಂಗಳೂರಿನವರಿಗಿಂತ ನಾವೇ ಪುಣ್ಯವಂತರು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಎಂಜಿನ್ ಕೂರಿಸುವ ಓರೆ. ಚೈನ್ ಪುಲ್ಲಿಯಿಂದ ಇಳಿಸಿ, ಎಂಜಿನ್ ತಳದ ಆಯಿಲ್ ಸಂಪಿನ ಕೆಳಗೆ ಕಟ್ಟಿಗೆ ದಿಮ್ಮಿ ಕೊಟ್ಟು, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡುವ ಎರಡೂ ಕಡೆ, ಅಂದರೆ ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜ್ ಮೇಲೂ ಡಿಫರೆನ್ಶಿಯಲ್‌ನ ಫ್ಲ್ಯಾಂಜ್ ಮೇಲೂ ಮಟ್ಟಗೋಲು ಇಟ್ಟು ನೋಡಿದೆವು. ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು, ಇಲ್ಲವಾದರೆ ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟು ಬೇಗ ಸವೆದು ಗಾಡಿ 60ರ ಮೇಲೆ ನಡುಗುತ್ತದೆ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಇದನ್ನು ಅಳೆಯಬೇಕು. ಜ್ಯಾಕಿನ ಮೇಲಿದ್ದರೆ ಹಿಂದಿನ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಜೋತುಬಿದ್ದು ಓರೆಯೂ ಸುಳ್ಳು, ಉದ್ದವೂ ಸುಳ್ಳು. ಬೋಲ್ಟ್ ಸಡಿಲ ಇಟ್ಟುಕೊಂಡೇ ಬ್ರ್ಯಾಕೆಟ್ಟಿಗೆ ಚುಕ್ಕಿ ವೆಲ್ಡಿಂಗ್ ಹೊಡೆಸಿ, ಎಂಜಿನ್ ಮತ್ತೆ ಎತ್ತಿ ಹೊರಗಿಟ್ಟು, ಆಮೇಲೆ ಪೂರ್ತಿ ವೆಲ್ಡಿಂಗ್. ಪ್ರೊಪೆಲ್ಲರ್ ಶಾಫ್ಟ್ ಹೊಸ ಅಳತೆಗೆ ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಿದ್ದಕ್ಕೆ ಒಳ್ಳೇ ರೊಕ್ಕವೇ ಹೋಯಿತು. ಅಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ.

ಹಳೆಯದರ ಗೇರ್ ಹಿಡಿ ಸ್ಟೀರಿಂಗ್ ಕಂಬದ ಮೇಲೆ, ಹೊಸದರದು ಕೆಳಗೆ ಫ್ಲೋರಿನ ಮೇಲೆ. ಮುಂದಿನ ಉದ್ದ ಸೀಟು ತೆಗೆದು ಫ್ಲೋರಿಗೆ ತೂತು ಹಾಕಬೇಕಾಯಿತು. ಮನೆಯಲ್ಲಿ ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ವಿರೋಧ ಬಂತು.

ವೈರಿಂಗಿನಲ್ಲಿ ಎರಡೇ ಮಾತು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ವೈರೇ ಎಳೆಯಿರಿ, ಹಳೇ ಸಪೂರ ವೈರಿನ ಭರವಸೆ ಬೇಡ. ಇನ್ನೊಂದು, ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಎಂಜಿನ್ನಿಗೂ ಬಾಡಿಗೂ ನಡುವೆ ಅರ್ಥ್ ಪಟ್ಟಿ ಕಟ್ಟದಿದ್ದರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲು, ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಂಡು ಅದನ್ನೇ ಸುಡುತ್ತದೆ. ಟೆಂಪರೇಚರ್ ಮೀಟರ್ ಹಳೆಯದೇ ಬೇಕೆಂದರೆ ಅದಕ್ಕೆ ಬಿಸಿ ಎಷ್ಟೆಂದು ತಿಳಿಸುವ ಸೆಂಡರನ್ನೂ ಹೊಸ ಎಂಜಿನ್ನಿಗೆ ಕೂರಿಸಬೇಕು, ಎರಡೂ ಜೋಡಿ ಹೊಂದದಿದ್ದರೆ ಮುಳ್ಳು ಹೇಳುವುದೆಲ್ಲ ಸುಳ್ಳು.

ಬ್ರೇಕ್ ಬಗ್ಗೆ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಪಿಕಪ್ಪಿನದೇ ಚಿಂತೆ. ಗುಜರಿ ಗಾಡಿಯಲ್ಲಿ ಮುಂದೆ ಡಿಸ್ಕ್ ಇತ್ತು, ಹಬ್ ಸಮೇತ ಬಿಚ್ಚಿ, ಮಾಸ್ಟರ್ ಸಿಲಿಂಡರೂ ಸೇರಿಸಿ ಹಾಕಿಸಿದೆ. ಡ್ರಮ್ ಬ್ರೇಕಿನ ಮೇಲೆ ಈ ಎಂಜಿನ್ ಇಟ್ಟುಕೊಂಡು ಚೋರ್ಲಾ ಘಾಟ್ ಇಳಿಯಲು ನನಗೆ ಧೈರ್ಯವಿಲ್ಲ.

ಕಾಗದಪತ್ರ ಮೊದಲೇ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆ ಆರ್‌ಟಿಒ ಗಮನಕ್ಕೆ ಬರಲೇಬೇಕು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಬೇಕು. ಗುಜರಿ ಗಾಡಿಯ ಆರ್‌ಸಿ, ಖರೀದಿ ಪಾವತಿ ಕೈಯಲ್ಲಿಲ್ಲದೆ ಎಂಜಿನ್ ಮುಟ್ಟಬೇಡಿ. ನಂಬರ್ ಕಳವಿನ ಗಾಡಿಯದಾದರೆ ಠಾಣೆ ಮೆಟ್ಟಿಲು ಹತ್ತುವವರು ನೀವೇ. ಇನ್ಶೂರೆನ್ಸಿನವರಿಗೂ ತಿಳಿಸಿ. ಇನ್ನು ಗಾಡಿಗೆ 50 ವರ್ಷ ದಾಟಿದ್ದು, ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಎಂಜಿನ್ ಕೈಗೆತ್ತಿಕೊಳ್ಳಲೇಬೇಡಿ. 2021ರ ನಿಯಮದ ಪ್ರಕಾರ ಗಾಡಿ ಮೂಲ ರೂಪದಲ್ಲೇ ಇರಬೇಕು.

ಮೊದಲ ಪರೀಕ್ಷೆಗೆ ವಂಟಮೂರಿ ಘಾಟಿಗೆ ಹೋದೆ, ಬೇಸಿಗೆಯ ಮಧ್ಯಾಹ್ನ, ನಾಲ್ಕು ಮಂದಿ ತುಂಬಿಕೊಂಡು. ಟೆಂಪರೇಚರ್ ಮುಳ್ಳು ಅರ್ಧಕ್ಕೆ ನಿಂತಿತು. ಲೆಕ್ಕ ಹೇಳುವುದಾದರೆ, ಒಟ್ಟು ಖರ್ಚಿನಲ್ಲಿ ಗುಜರಿ ಗಾಡಿಯ ಪಾಲು ಅರ್ಧಕ್ಕಿಂತ ಕಡಿಮೆ. ಅದರ ಬಾಗಿಲು, ಗಾಜು, ಸೀಟು, ಟೈರು ಮಾರಿದ್ದರಲ್ಲಿ ಲೇತಿನ ಬಿಲ್ಲು ಹುಟ್ಟಿತು. ಹಳೇ ಬಿಎಂಸಿ ಎಂಜಿನ್ ಮಾತ್ರ ಇನ್ನೂ ಅಟ್ಟದ ಕೆಳಗೆ ತಾಡಪತ್ರಿ ಹೊದ್ದು ಕೂತಿದೆ. ಗಿರಾಕಿಗಳು ಬರುತ್ತಾರೆ, ಕಬ್ಬಿಣದ ರೇಟು ಕೇಳುತ್ತಾರೆ, ನಾನು ಚಹಾ ಕುಡಿಸಿ ಕಳಿಸುತ್ತೇನೆ.