ನಾಲ್ಕು ಸಾವಿರದಲ್ಲಿ ಲೆದರ್ ಬಾಲ್ ಬ್ಯಾಟು: ಕಲಬುರಗಿ ಬಿಸಿಲಿಗೆ ತಾಳುವಂಥದ್ದು

ಕೈಯಲ್ಲಿದ್ದದ್ದು 4,000 ರೂಪಾಯಿ. ಬ್ಯಾಟು, ಎಣ್ಣೆ, ಸುತ್ತಿಗೆ, ಟೋಗೆ (ಬ್ಯಾಟಿನ ಕೆಳತುದಿಗೆ) ಅಂಟಿಸುವ ಟೋ ಗಾರ್ಡು, ಕವರು ಎಲ್ಲವೂ ಅದರಲ್ಲೇ ಆಗಬೇಕಿತ್ತು. ಅಂಗಡಿಗೆ ಹೋಗುವ ಮೊದಲೇ ಬ್ಯಾಟಿಗೆ 3,200, ಉಳಿದದ್ದು ತಯಾರಿಗೆ ಅಂತ ಬೇರೆ ಮಾಡಿಟ್ಟೆ. ಪೂರಾ ರೊಕ್ಕ ಬ್ಯಾಟಿಗೇ ಸುರಿದು, ಎಣ್ಣೆ ಹಚ್ಚದೆ, ಬಡಿಯದೆ ನೇರವಾಗಿ ಹೊಸ ಬಾಲಿಗೆ ಒಡ್ಡಿದರೆ ನಮ್ಮ ಒಣ ಬಿಸಿಲಿನಲ್ಲಿ ಅದರ ಅಂಚು ಸೀಳುವುದಕ್ಕೆ ಬಹಳ ದಿನ ಬೇಕಿಲ್ಲ.

ಬ್ಯಾಟು ಮಾಡುವುದು ವಿಲೋ ಮರದಿಂದ, ಈ ಬಜೆಟ್ಟಿಗೆ ಕಾಶ್ಮೀರ್ ವಿಲೋನೇ ಸರಿ. ಅನಂತನಾಗ್ ಕಡೆಯ ಆ ಕಟ್ಟಿಗೆ ಇಂಗ್ಲಿಷ್ ವಿಲೋಗಿಂತ ಗಟ್ಟಿ, ತೂಕ ಜಾಸ್ತಿ, ಬಣ್ಣ ತುಸು ಕಂದು. ಬಾಲು ಅಷ್ಟೊಂದು ಚಿಮ್ಮುವುದಿಲ್ಲ, ನಿಜ. ಆದರೆ ಪಿಚ್ಚಿಗೆ ಹಾಸಿದ ಮ್ಯಾಟಿನ ಮೇಲೆ, ಗಟ್ಟಿ ನೆಲದ ಮೇಲೆ ಆಡುವಾಗ ಬಾಲು ಹತ್ತು ಓವರಿಗೇ ಒರಟಾಗಿ ಬ್ಯಾಟಿನ ಮುಖ ಕೆರೆಯತೊಡಗುತ್ತದೆ. ಅಲ್ಲಿ ಈ ಗಟ್ಟಿತನವೇ ಲಾಭ. ಮೂರು ಸಾವಿರಕ್ಕೆ ಯಾರಾದರೂ "ಇಂಗ್ಲಿಷ್ ವಿಲೋ" ಅಂತ ತೋರಿಸಿದರೆ ಸ್ಟಿಕ್ಕರ್ ಬಿಟ್ಟು ಕಟ್ಟಿಗೆ ನೋಡಬೇಕು. ಇನ್ನೊಂದು ಮೋಸ ಪಾಪ್ಲರ್ ಅನ್ನುವ ಬೇರೆ ಮರದ ಕಟ್ಟಿಗೆ. ಅದನ್ನೂ ಕಾಶ್ಮೀರ್ ವಿಲೋ ಹೆಸರಲ್ಲೇ ಮಾರುತ್ತಾರೆ. ಕೈಗೆ ಹಗುರ ಅನಿಸಿ ಮನಸ್ಸಿಗೆ ಹಿಡಿಸುತ್ತದೆ, ಆದರೆ ಮೆತ್ತಗಿರುವುದರಿಂದ ಲೆದರ್ ಬಾಲು ತಾಗಿದಲ್ಲೆಲ್ಲ ತಗ್ಗು ಬೀಳುತ್ತದೆ, ಹೊಡೆತಕ್ಕೆ ಬಾಲು ಮುಂದೆ ಹೋಗುವುದೂ ಇಲ್ಲ. ಬೆನ್ನಿನ ಕಡೆ ಆಳವಾಗಿ ಕೆತ್ತಿದ ಸ್ಕೂಪ್ ಬ್ಯಾಟುಗಳು ಹೆಚ್ಚಾಗಿ ಟೆನಿಸ್ ಬಾಲಿನವು, ಲೆದರ್ ಬಾಲಿಗಲ್ಲ.

ನಾನು ಆನ್‌ಲೈನ್ ಬಿಟ್ಟು ಅಂಗಡಿಯನ್ನೇ ಆರಿಸಿಕೊಳ್ಳಲು ಕಾರಣ ಒಂದೇ: ಒಂದೇ ಕಂಪನಿ, ಒಂದೇ ಮಾಡಲ್, ಒಂದೇ ರೇಟಿನ ಎರಡು ಬ್ಯಾಟುಗಳಲ್ಲಿ 100 ಗ್ರಾಂ ವ್ಯತ್ಯಾಸ ಸಾಮಾನ್ಯ. ಆರಿಸಬೇಕಾದದ್ದು ಮಾಡಲ್ ಅಲ್ಲ, ಆ ಒಂದು ತುಂಡು ಕಟ್ಟಿಗೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗೆ ಹೋಗುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಒಂದು ಹಳೆ ಲೆದರ್ ಬಾಲು ಚೀಲದಲ್ಲಿತ್ತು. "ಅಣ್ಣಾ, ಈ ಮಾಡಲ್‌ದಾಗ ಎಷ್ಟು ಬ್ಯಾಟ್ ಅದಾವ ಎಲ್ಲಾ ತೆಗೀರಿ, ನೋಡಿ ಒಂದು ತಗೋತೀನಿ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಹೋಗಬೇಕು ಅಷ್ಟೇ. ಎಂಟು ಬ್ಯಾಟು ಹೊರಗೆ ಬಂದವು.

ಮೊದಲು ತೂಕ. ಪ್ಲಾಸ್ಟಿಕ್ ಕವರಿನ ಮೇಲೆ ಬರೆದ ತೂಕ ನಂಬುವಂಥದ್ದಲ್ಲ. ನನಗೆ ಬೇಕಾದದ್ದು 1,150ರಿಂದ 1,200 ಗ್ರಾಂ. ಆ ಎಂಟರಲ್ಲಿ ಮೂರು ಮಾತ್ರ ಇದರೊಳಗೆ ಬಂದವು. ಆಮೇಲೆ ಮೇಲಿನ ಕೈಯೊಂದರಲ್ಲೇ ಹ್ಯಾಂಡಲ್ ಹಿಡಿದು ಹಿಂದಕ್ಕೆ ಎತ್ತಿ ನೋಡಿದೆ. 1,190 ಗ್ರಾಮಿನದು 1,160ರದ್ದಕ್ಕಿಂತ ಹಗುರವಾಗಿ ಎದ್ದಿತು. ಕಟ್ಟಿಗೆಯ ಭಾರ ಟೋ ಹತ್ತಿರ ಸೇರಿಕೊಂಡರೆ ಬ್ಯಾಟು ಕೆಳಗೆ ಎಳೆಯುತ್ತದೆ, ನಡುವೆ ಇದ್ದರೆ ಕೈಗೆ ಸಲೀಸು. ಮ್ಯಾಟಿನ ಮೇಲೆ ಬಾಲು ಎತ್ತರ ಪುಟಿಯುವುದರಿಂದ ಬೆನ್ನಿನ ದಪ್ಪ ಉಬ್ಬು ತುಸು ಮೇಲಿರುವ ಬ್ಯಾಟೇ ನಮಗೆ ಒಳ್ಳೆಯದು. ಬಾಲು ಕೆಳಗೇ ಉಳಿಯುವ ಟರ್ಫ್ (ಹುಲ್ಲು, ಮಣ್ಣಿನ) ಪಿಚ್‌ಗಾದರೆ ಉಬ್ಬು ಕೆಳಗಿರಬೇಕು.

ಇನ್ನು ಗ್ರೇನ್, ಅಂದರೆ ಕಟ್ಟಿಗೆಯ ಉದ್ದಕ್ಕೂ ಕಾಣುವ ಗೆರೆ. ಕಾಶ್ಮೀರ್ ವಿಲೋದಲ್ಲಿ ಗೆರೆಗಳು ಅಷ್ಟು ಎದ್ದು ಕಾಣುವುದಿಲ್ಲ. ಕಾಣಲಿ ಅಂತ ಗೆರೆ ಎಳೆದವೂ ಬರುತ್ತವೆ. ಪರೀಕ್ಷೆ ಸುಲಭ. ಬ್ಯಾಟು ತಲೆಕೆಳಗೆ ಹಿಡಿದು ಟೋ ನೋಡಬೇಕು. ಮುಖದ ಮೇಲಿನ ಪ್ರತಿ ಗೆರೆಯೂ ಟೋ ಅಂಚಿನಲ್ಲಿ ತಿರುಗಿ ಮುಂದಿನಿಂದ ಹಿಂದಕ್ಕೆ ಹೋಗಿರಬೇಕು. ಮುಖದಲ್ಲಿ ಎಂಟು ಗೆರೆ ಇದ್ದು ಟೋದಲ್ಲಿ ಒಂದೂ ಕಾಣದಿದ್ದರೆ ಅದು ಬಣ್ಣ. ಎಣಿಕೆಗಿಂತ ಗೆರೆ ನೆಟ್ಟಗಿರುವುದು ಮುಖ್ಯ. ಓರೆಯಾಗಿ ಅಂಚಿನಿಂದ ಹೊರಗೆ ಹೋಗುವ ಗೆರೆ ಇದ್ದರೆ ಸೀಳು ಅದೇ ದಾರಿ ಹಿಡಿಯುತ್ತದೆ. ಮುಖದ ನಡುವಿನ ಸಣ್ಣ ಕಂದು ಕಲೆಗೆ ನಾನು ಹೆದರಲಿಲ್ಲ. ಅಂಚಿನಲ್ಲಿ ಗಂಟು ಇದ್ದದ್ದನ್ನು ಪಕ್ಕಕ್ಕಿಟ್ಟೆ.

ಹ್ಯಾಂಡಲ್ ಬ್ಲೇಡಿಗೆ ಕೂಡುವ ವಿ ಆಕಾರದ ಜಾಗ ಉಗುರಿನಿಂದ ಸವರಿ ನೋಡಬೇಕು. ಸಂದು ಇದ್ದರೆ, ಮೇಣದಂಥದ್ದು ತುಂಬಿದ್ದರೆ ಬೇಡ. ಹ್ಯಾಂಡಲ್ ಹಿಡಿದು ಟೋವನ್ನು ಅಂಗೈಗೆ ಒತ್ತಿ ತುಸು ಬಗ್ಗಿಸಿದಾಗ ಕಿರ್ ಅಂದರೂ ಬೇಡ. ಕೊನೆಗೆ ಹಳೆ ಬಾಲಿನಿಂದ ಟೋದಿಂದ ನಾಲ್ಕು ಇಂಚು ಮೇಲೆ ಶುರುಮಾಡಿ ಒಂದೊಂದೇ ಇಂಚು ಮೇಲಕ್ಕೆ ತಟ್ಟುತ್ತ ಹೋದೆ. ಒಳ್ಳೆ ಜಾಗದಲ್ಲಿ ಟಕ್ ಅಂತ ಬಿಗಿಯಾದ ಸದ್ದು ಬಂದು ಬಾಲು ಕೈಯಿಂದ ಪುಟಿಯುತ್ತದೆ, ಸತ್ತ ಜಾಗದಲ್ಲಿ ಧಪ್ ಅನ್ನುತ್ತದೆ. ಟಕ್ ಅನ್ನುವ ಪಟ್ಟಿ ಅಗಲವಿದ್ದ ಬ್ಯಾಟನ್ನೇ ಆರಿಸಿದೆ. ಅದೇ 1,190 ಗ್ರಾಮಿನದು, ಚೌಕಾಸಿ ಮಾಡಿ 3,050ಕ್ಕೆ ಬಂತು.

ಎಣ್ಣೆಗೆ ಸ್ಪೋರ್ಟ್ಸ್ ಅಂಗಡಿಯ ಸಣ್ಣ ಬಾಟಲಿ ಬೇಕಿಲ್ಲ. ಬ್ಯಾಟಿಗೆ ಹಾಕುವುದು ನಮ್ಮ ಚಟ್ನಿಪುಡಿಯ ಅಗಸಿಯ ಎಣ್ಣೆಯೇ. ಗಾಣದಲ್ಲಿ ತೆಗೆದ ಹಸಿ ಅಗಸಿ ಎಣ್ಣೆ 100 ಮಿಲಿ ಸಾಕು. ಪೇಂಟ್ ಅಂಗಡಿಯ ಬಾಯ್ಲ್ಡ್ ಎಣ್ಣೆ ತರಬಾರದು. ಬೇಗ ಒಣಗಲಿ ಅಂತ ಅದರಲ್ಲಿ ಡ್ರೈಯರ್ ಕೂಡಿಸಿರುತ್ತಾರೆ, ಅದು ಒಳಗೆ ಇಳಿಯದೆ ಮೇಲೇ ಪೊರೆ ಕಟ್ಟುತ್ತದೆ. ಒಂದು ಸಲ ಹಚ್ಚಲು ಒಂದು ಟೀ ಚಮಚ. ಮುಖ, ಎರಡೂ ಅಂಚು, ಟೋ, ಸ್ಟಿಕ್ಕರ್ ಬಿಟ್ಟು ಬೆನ್ನು. ಹ್ಯಾಂಡಲ್ ಕೂಡುವ ವಿ ಜಾಗಕ್ಕೆ ಹನಿಯೂ ತಾಗಬಾರದು, ಅಂಟು ಸಡಿಲಾಗುತ್ತದೆ. ಬ್ಯಾಟನ್ನು ಗೋಡೆಗೆ ನಿಲ್ಲಿಸದೆ ಮಲಗಿಸಿ 24 ಗಂಟೆ ಬಿಡಬೇಕು. ನಿಲ್ಲಿಸಿದರೆ ಎಣ್ಣೆಯೆಲ್ಲ ಟೋಕ್ಕೆ ಇಳಿದು ಅದು ಭಾರವಾಗುತ್ತದೆ. ಹೀಗೆ ಮೂರು ಸಲ ಹಚ್ಚಿದೆ. ಅದಕ್ಕಿಂತ ಹೆಚ್ಚಾದರೆ ಕಟ್ಟಿಗೆ ನೆನೆದು ಹೊಡೆತ ಸಾಯುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಕಾವು ಏರಿ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಬೇಕು.

ಬಡಿಯುವ ಕೆಲಸ ದಿನಕ್ಕೆ ಅರ್ಧ ಗಂಟೆ, ಹನ್ನೆರಡು ದಿನ, ಒಟ್ಟು ಆರು ಗಂಟೆ. ಮರದ ಸುತ್ತಿಗೆ 250 ರೂಪಾಯಿಗೆ ಬಂತು. ಅದೂ ಬೇಡ ಅಂದರೆ ಹಳೆ ಲೆದರ್ ಬಾಲನ್ನು ಕಾಲುಚೀಲದಲ್ಲಿ ಹಾಕಿ ಗಂಟು ಕಟ್ಟಿದರೂ ನಡೆಯುತ್ತದೆ. ಮೊದಲೆರಡು ದಿನ ಮೆಲ್ಲಗೆ ತಟ್ಟಿ, ಆಮೇಲೆ ಜೋರು ಹೆಚ್ಚಿಸಬೇಕು. ಬಾಲಿನ ಪೆಟ್ಟಿಗೆ ಎಳೆಗಳು ಬಿಡದಂತೆ ಮೊದಲೇ ಅವನ್ನು ಒತ್ತಿ ಬಿಗಿ ಮಾಡುವುದು ಇದರ ಉದ್ದೇಶ. ಜನ ತಪ್ಪುವುದು ಅಂಚಿನಲ್ಲಿ. ಮುಖ ಮುಗಿದು ಅಂಚು ಶುರುವಾಗುವ ಮೂಲೆಯನ್ನು 45 ಡಿಗ್ರಿ ಓರೆಯಲ್ಲಿ ಸವರಿದಂತೆ ತಟ್ಟಿ ದುಂಡಗೆ ಮಾಡಬೇಕು. ಅಂಚಿಗೆ ಪಕ್ಕದಿಂದ ನೇರ ಪೆಟ್ಟು ಕೊಟ್ಟರೆ ಅಲ್ಲೇ ಬಿರುಕು ಬಿಡುತ್ತದೆ. ಬೆನ್ನಿಗೂ ಟೋದ ತಳಕ್ಕೂ ಪೆಟ್ಟು ಬೇಡ. ಮುಗಿದ ಮೇಲೆ ಹಳೆ ಬಾಲಿಗೆ ಎರಡು ದಿನ ಬರೀ ಕ್ಯಾಚ್ ಕೊಟ್ಟು ನೋಡಿದೆ. ಬಾಲಿನ ಹೊಲಿಗೆಯ ಗುರುತು ಮುಖದಲ್ಲಿ ಆಳವಾಗಿ ಮೂಡಿದರೆ ಇನ್ನೂ ಒಂದು ಗಂಟೆ ಬಡಿಯಬೇಕು ಅಂತ ಅರ್ಥ.

ಟೋ ಗಾರ್ಡನ್ನು ಚಪ್ಪಲಿಗೆ ಹಾಕುವ ರಬ್ಬರ್ ಅಂಟಿನಿಂದ ಕೂಡಿಸಿ, ಒಂದು ರಾತ್ರಿ ಸೈಕಲ್ ಟ್ಯೂಬಿನ ತುಂಡು ಬಿಗಿದು ಕಟ್ಟಿದೆ. ಅಂಚಿಗೆ ಫೈಬರ್ ಟೇಪ್. ಎಣ್ಣೆ ಪೂರ್ತಿ ಒಣಗುವ ಮೊದಲು ಟೇಪ್ ಹಿಡಿಯುವುದಿಲ್ಲ. ನಾನು ಐದು ದಿನ ಕಾದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೋಣೆ, ಬಿಸಿಲಿಗೆ ನಿಂತ ಗಾಡಿ, ಕಪ್ಪು ಕಿಟ್ ಬ್ಯಾಗು, ಮೂರೂ ಬ್ಯಾಟಿಗೆ ಒಲೆಯಿದ್ದಂತೆ. ಒಳಗಿನ ತೇವ ಹೋಗಿ ಕಟ್ಟಿಗೆ ಗರಿಗರಿಯಾಗುತ್ತದೆ. ಬ್ಯಾಟು ಮೊದಲಿಗಿಂತ ಹಗುರಾಯಿತು ಅಂತ ಖುಷಿಪಡುವ ಹೊತ್ತಿಗೆ ಬಿರುಕು ಶುರುವಾಗಿರುತ್ತದೆ. ಎಣ್ಣೆ, ಟೇಪ್, ಟೋ ಗಾರ್ಡು ಎಲ್ಲ ಮುಗಿದ ಮೇಲೆ ತೂಗಿ ಬರೆದಿಟ್ಟ ತೂಕ ಇಲ್ಲಿ ಕೆಲಸಕ್ಕೆ ಬರುತ್ತದೆ: ತಿಂಗಳಿಗೊಮ್ಮೆ ತೂಗಿ, 20 ಗ್ರಾಂ ಇಳಿದಿದ್ದರೆ ಅರ್ಧ ಚಮಚ ಎಣ್ಣೆ. ಮಲಗುವ ಕೋಣೆಯ ಮಂಚದ ಕೆಳಗೆ, ಬಟ್ಟೆ ಕವರಿನಲ್ಲಿ ಇಡುತ್ತೇನೆ.

ಮುಖದ ಮೇಲೆ ಕೂದಲೆಳೆಯಂಥ ಗೆರೆಗಳು ಮೊದಲ ತಿಂಗಳಲ್ಲೇ ಬಂದವು. ಅವು ಬರುವಂಥವೇ. ಉಗುರು ಸಿಕ್ಕುವಷ್ಟು ಬಾಯಿ ಬಿಟ್ಟರೆ ಮಾತ್ರ ಆ ದಿನವೇ ಆಟ ನಿಲ್ಲಿಸಿ, ಕಟ್ಟಿಗೆಯ ಅಂಟನ್ನು ಹಳೆ ಪೋಸ್ಟ್ ಕಾರ್ಡಿನ ಅಂಚಿನಿಂದ ಸೀಳಿನೊಳಗೆ ತಳ್ಳಿ, ದಾರ ಬಿಗಿದು 24 ಗಂಟೆ ಬಿಟ್ಟು, ಉಜ್ಜಿ ಟೇಪ್ ಸುತ್ತಬೇಕು. ಸೀಳು ಹ್ಯಾಂಡಲ್ ಕೂಡುವ ಜಾಗದಲ್ಲಿದ್ದರೆ ಈ ಮನೆ ರಿಪೇರಿ ನಿಲ್ಲುವುದಿಲ್ಲ. ಅದನ್ನು ಬ್ಯಾಟು ರಿಪೇರಿ ಮಾಡುವವರ ಕೈಗೆ ಕೊಡಬೇಕು.